ಮೂರನೇ ಗಾಡಿಯಲ್ಲಿ ಜಾಗ

ರೋಮನ್ನರಿಗೆ ಸ್ವಂತ ಮಹಾಕಾವ್ಯ ಇರಲಿಲ್ಲ, ಗ್ರೀಕರಿಂದ ಎತ್ತಿಕೊಂಡರು ಎಂಬ ಮಾತನ್ನು ಎಷ್ಟು ಕಡೆ ಓದಿದ್ದೇನೋ ಲೆಕ್ಕವಿಲ್ಲ. ಪರೀಕ್ಷೆಯ ಗೈಡುಗಳಲ್ಲಿ ಅದು ಒಂದೇ ಪ್ಯಾರಾ. ದಂಡು ಕಟ್ಟುವುದು, ರಸ್ತೆ ಹಾಕುವುದು, ಕಾನೂನು ಬರೆಯುವುದು ಬಿಟ್ಟರೆ ಆ ಜನಕ್ಕೆ ಬೇರೇನೂ ಬರುತ್ತಿರಲಿಲ್ಲ. ಗ್ರೀಕ್ ಊರೊಂದರಿಂದ ಸೆರೆಯಾಳಾಗಿ ಬಂದ ಒಬ್ಬ ಮೇಷ್ಟ್ರು ತನ್ನವರ ಕಡಲಯಾನದ ಕಥೆಯನ್ನು ಲ್ಯಾಟಿನ್ನಿಗೆ ಇಳಿಸಿದ, ಅಲ್ಲಿಂದ ರೋಮಿನ ಕಾವ್ಯ ಶುರುವಾಯಿತು. ಕೇಳಲು ಅಚ್ಚುಕಟ್ಟಾಗಿದೆ. ಆದರೆ ಹೈಸ್ಕೂಲಿನಿಂದ ಚರ್ಚಾಸ್ಪರ್ಧೆಗಳಲ್ಲೇ ಬೆಳೆದವಳಿಗೆ ಒಂದು ಚಾಳಿ ಅಂಟಿಕೊಂಡಿರುತ್ತದೆ. ಅಚ್ಚುಕಟ್ಟಾದ ಮಾತು ಕಂಡರೆ ಅದನ್ನು ಮಗುಚಿ, ಹೊಲಿಗೆ ಎಲ್ಲಿ ಹಾಕಿದ್ದಾರೆ ಎಂದು ಹುಡುಕುವುದು.

ಇಲ್ಲಿ ಹೊಲಿಗೆ ಕಾಣಿಸುತ್ತಿತ್ತು. ಆ ಮೇಷ್ಟ್ರು ಕಥೆ ತಂದದ್ದು ಗ್ರೀಕರಿಂದ, ಒಪ್ಪೋಣ. ಆದರೆ ಅದನ್ನು ಕೂರಿಸಿದ್ದು ಗ್ರೀಕರ ಛಂದಸ್ಸಿನಲ್ಲಲ್ಲ, ಆ ನೆಲದ ಹಳೆಯ ಲಯವೊಂದರಲ್ಲಿ. ಅವನ ನಂತರ ಬಂದ ಕವಿಯೂ ತಾನೇ ಹೋರಾಡಿದ ಯುದ್ಧವನ್ನು ಬರೆದದ್ದು ಅದೇ ಲಯದಲ್ಲಿ. ಗ್ರೀಕರ ಛಂದಸ್ಸು ಬಂದದ್ದು ಆಮೇಲೆ. ಲಯ ಇತ್ತು ಎಂದರೆ ಅದರಲ್ಲಿ ಯಾರೋ ಏನನ್ನೋ ಹಾಡುತ್ತಿದ್ದರು ಎಂದಲ್ಲವೇ? ರೋಮಿನ ಕೆಲವು ಹಿರಿಯರೂ ಹೀಗೇ ಹೇಳಿಕೊಂಡಿದ್ದಾರೆ. ಹಿಂದೆ ನಮ್ಮಲ್ಲಿ ಊಟಕ್ಕೆ ಕೂತವರು ಸರದಿಯ ಮೇಲೆ, ಕೊಳಲಿನ ಜೊತೆ, ಸತ್ತ ಹಿರಿಯರ ಹೊಗಳಿಕೆ ಹಾಡುತ್ತಿದ್ದರಂತೆ. ಆ ಹಾಡುಗಳು ಈಗ ಉಳಿದಿದ್ದರೆ ಎಷ್ಟು ಚೆನ್ನಾಗಿತ್ತು, ಎಂದು.

ಈ ‘ಅಂತೆ’ಯನ್ನೂ ನಾನು ಬಿಡಲಿಲ್ಲ. ‘ಅಂತೆ’ ಎನ್ನುವುದು ಪುರಾವೆಯಲ್ಲ. ಗ್ರೀಕರ ಮುಂದೆ ನಾಚಿಕೆಯಾಗಿ, ನಮಗೂ ಒಂದು ಕಾಲದಲ್ಲಿ ಇತ್ತು ಎಂದು ಹೇಳಿಕೊಂಡ ಸಮಾಧಾನವೂ ಇರಬಹುದು. ಇಂಗ್ಲಿಷ್ ವಿಭಾಗದ ಅತಿಥಿ ಉಪನ್ಯಾಸಕಿಯಾಗಿ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಇದನ್ನು ಪಾಠ ಮಾಡುತ್ತಿದ್ದೆ. ಮೂರ್ನಾಡಿನಲ್ಲಿ ಒಂದು ರೂಮು, ಬೆಳಿಗ್ಗೆ ಒಂದು ಬಸ್ಸು, ಸಿಲಬಸ್ಸಿನಲ್ಲಿ ‘ಹಿನ್ನೆಲೆ’ ಎಂಬ ಹೆಸರಿನ ಒಂದು ಘಟಕ. ಯಾರೂ ಕೇಳದ ಘಟಕ ಅದು. ಹಾಡುಗಳಿಗೆ ಪುರಾವೆಯಿಲ್ಲ, ಹೇಳುವವರು ಪುರಾವೆ ಕೊಡಬೇಕು, ಕೊಡಲಾರರು, ಆದ್ದರಿಂದ ಬದಿಗಿಡೋಣ ಎಂದೆ. ಪೊನ್ನಂಪೇಟೆ ಕಡೆಯ ಒಬ್ಬ ಹುಡುಗಿ ಎದ್ದು ನಿಂತಳು.

“ಮೇಡಂ, ನಮ್ಮಲ್ಲಿ ಮದುವೆ ಮನೇಲಿ ದುಡಿ ಹಿಡ್ಕೊಂಡು ಆ ಮನೆಯವ್ರ ಹಿರಿಯರನ್ನೆಲ್ಲ ಹಾಡ್ತಾರೆ. ಅಲ್ಲೂ ಹಾಡಿರ್ಬಹುದು ಅಂದ್ಕೊಳ್ಳೋಕೆ ಏನ್ ಪ್ರಾಬ್ಲಂ?”

‘ಇರಬಹುದು’ ಎನ್ನುವುದು ‘ಇತ್ತು’ ಆಗುವುದಿಲ್ಲ ಎಂದೆ. ‘ಇರಲಿಲ್ಲ’ ಅಂತಲೂ ಆಗಲ್ಲ ಅಲ್ವಾ ಮೇಡಂ ಎಂದು ಅವಳು ಕೂತುಬಿಟ್ಟಳು. ಕ್ಲಾಸು ನಕ್ಕಿತು. ಚರ್ಚೆಯಲ್ಲಾಗಿದ್ದರೆ ಆ ಅಂಕ ಅವಳದ್ದೇ. ಮನಸ್ಸಿನಲ್ಲೇ ಕೊಟ್ಟೆ, ಬಾಯಲ್ಲಿ ಮಾತ್ರ ಮುಂದಿನ ಪುಟಕ್ಕೆ ಹೋಗೋಣ ಎಂದೆ.

ಅದೇ ವಾರ ಚಿಕ್ಕಪ್ಪನ ಮಗಳ ಮದುವೆಗೆಂದು ರಜೆ ಹಾಕಿ ಊರಿಗೆ ಹೋದೆ. ನಮ್ಮೂರು ಕುಶಾಲನಗರದ ಈಚೆ, ನಾಲೆಯ ಮಗ್ಗುಲಲ್ಲಿದೆ. ಹಾಸನದ ಕಡೆಯಿಂದ ಬಂದು ನೆಲೆಸಿದ ಒಕ್ಕಲು ಮನೆಗಳೇ ಹೆಚ್ಚು. ಭತ್ತ, ಮುಸುಕಿನ ಜೋಳ, ಶುಂಠಿ. ಕೊಡಗಿನವರು ನಮ್ಮನ್ನು ಕೆಳಗಿನ ಸೀಮೆಯವರು ಅನ್ನುತ್ತಾರೆ, ಹಾಸನದ ನೆಂಟರು ಕೊಡಗಿನವರು ಅನ್ನುತ್ತಾರೆ. ನಾವು ಯಾರು ಎಂದು ನಮಗೆ ನಾವೇ ಹೇಳಿಕೊಳ್ಳಲು ಇರುವುದು ಒಂದು ಹಾಡು.

ಮದುವೆಯ ಹಿಂದಿನ ದಿನ ಚಪ್ಪರದ ಕೆಳಗೆ ಹೆಣ್ಣನ್ನು ಹಸೆಮಣೆಗೆ ಕೂರಿಸುವಾಗ ನಮ್ಮ ಹೆಂಗಸರು ಹೇಳುವ ಹಾಡು ಅದು. ಊರಲ್ಲಿ ಗಾಡಿ ಹಾಡು ಅಂತಲೇ ಹೆಸರು. ಅಣ್ಣತಮ್ಮಂದಿರ ಪಾಲಿನಲ್ಲಿ ಹೊಲ ಸಾಲದೆ ಮೂರು ಗಾಡಿಗಳು ಹಾಸನದ ಸೀಮೆಯಿಂದ ಹೊರಡುತ್ತವೆ, ಬೆಳಗಿನ ಬೆಳ್ಳಿಗೆ ಬೆನ್ನು ಮಾಡಿ. ಮೊದಲ ಗಾಡಿಯಲ್ಲಿ ದೇವರ ಪೆಟ್ಟಿಗೆ. ಎರಡನೆಯದರಲ್ಲಿ ಬಿತ್ತನೆ ರಾಗಿ. ಮೂರನೆಯದರಲ್ಲಿ ಬೀಸುವ ಕಲ್ಲು. ಒಂದೊಂದು ಗಾಡಿಯಲ್ಲೂ ಒಬ್ಬೊಬ್ಬ ಹಿರಿಯ ಕೂತಿರುತ್ತಾನೆ, ಅವನ ಹೆಸರು ಹೇಳಿ ಹೊಗಳುತ್ತಾರೆ. ಮೂರನೇ ಗಾಡಿಯಲ್ಲಿ ಬೀಸುವ ಕಲ್ಲನ್ನು ತಬ್ಬಿ ಕೂತವನು ನನ್ನ ತಾತ. ದೇವರ ಪೆಟ್ಟಿಗೆ ತಂದವರ ವಂಶ ನಿಂತುಹೋಯಿತು. ರಾಗಿ ತಂದವರ ಮಕ್ಕಳು ಜಮೀನು ಮಾರಿ ಮೈಸೂರು ಸೇರಿದರು. ಹಾಗಾಗಿ ಗಾಡಿಯಲ್ಲಿ ಬಂದವರ ಮನೆ ಅಂದರೆ ಈಗ ನಮ್ಮದೊಂದೇ. ದೇವರ ಕೆಲಸಕ್ಕೆ ಮೊದಲ ತಾಂಬೂಲ ನಮಗೆ, ಪಂಚಾಯ್ತಿಯಲ್ಲಿ ಮೊದಲ ಮಾತು ಚಿಕ್ಕಪ್ಪನಿಗೆ.

ಉಳಿದವರೆಲ್ಲ ಹಿಂದೆ ಬಂದವರು. ಅದು ಬೈಗುಳವೇನಲ್ಲ, ಆದರೆ ಹೇಳುವವರ ತುಟಿ ಸ್ವಲ್ಪ ಓರೆಯಾಗುತ್ತದೆ. ನಾಲೆಯ ಆಚೆ ದಂಡೆಯಲ್ಲಿರುವ ಒಂದು ಮನೆಗಂತೂ ಹಿಂದೆ ಬಂದವರ ಮನೆ ಎಂದೇ ಹೆಸರು. ತಂಗಿ ಒಪ್ಪಿದ ಹುಡುಗ ಆ ಮನೆಯವನು. ಜಾತಿ ಒಂದೇ, ಹುಡುಗ ಒಳ್ಳೆಯವನು, ಸ್ವಂತ ಪಿಕಪ್ ಓಡಿಸುತ್ತಾನೆ, ಚಿಕ್ಕಪ್ಪ ಬೇಡ ಅನ್ನಲು ಕಾರಣ ಸಿಗದೆ ಹೂಂ ಅಂದಿದ್ದ.

ಚಪ್ಪರಕ್ಕೆ ಇನ್ನೂ ಕೆಲವು ದಿನ ಇರುವಾಗ, ಒಂದು ಮಧ್ಯಾಹ್ನ, ಆ ಹುಡುಗನ ಅಜ್ಜಿ ಒಬ್ಬರೇ ನಮ್ಮ ಮನೆಗೆ ಬಂದರು. ಕೊಡೆ ಊರಿಕೊಂಡು, ನಾಲೆಯ ಏರಿಯ ಮೇಲೆ ನಡೆದೇ ಬಂದಿದ್ದರು. ಒಳಗೆ ಬನ್ನಿ ಎಂದರೂ ಜಗಲಿಯ ಅಂಚಿನಲ್ಲೇ ಕೂತರು. ಕಾಫಿ ಬಂತು. ಕುಡಿದು ಲೋಟ ಕೆಳಗಿಟ್ಟು ಅವರು ಕೇಳಿದ್ದು ಒಂದೇ.

“ಗಾಡಿ ಹಾಡಲ್ಲಿ ನಮ್ಮೆಜಮಾನ್ರದು ಒಂದ್ ಸೊಲ್ಲು ಬೇಕು.”

ಚಿಕ್ಕಪ್ಪ ನಕ್ಕುಬಿಟ್ಟ. ಆಮೇಲೆ ಬೀಗರ ಮನೆಯವರು ಎಂದು ನೆನಪಾಗಿ ಗಂಭೀರನಾದ. ಅದು ಹಳೇ ಹಾಡು, ಬಂದವರ ಹೆಸರು ಅದರಲ್ಲಿದೆ, ಈಗ ಹೊಸದಾಗಿ ತುರುಕುವುದು ಹೇಗೆ ಎಂದು ವಿವರಿಸಿದ. ಅಜ್ಜಿ ಅಲ್ಲಾಡಲಿಲ್ಲ. ಆಗ ಅವನ ಕಣ್ಣು ನನ್ನ ಮೇಲೆ ಬಿತ್ತು.

“ನೀನೇ ಹೇಳವ್ವ. ಷೋಕೇಸ್ ತುಂಬ ಕಪ್ ತಂದು ಇಟ್ಟಿದ್ದೀಯಲ್ಲ, ಅದ್ರಲ್ಲಿ ಒಂದ್ ತೀರ್ಪಾದ್ರೂ ನಮ್ಗೆ ಬರ್ಲಿ.”

ನಾನು ಬಾಗಿಲಿನ ಪಕ್ಕ ದೊಡ್ಡವ್ವನ ಜೊತೆ ಅವರೆಕಾಯಿ ಸುಲಿಯುತ್ತಿದ್ದೆ. ದೊಡ್ಡವ್ವ ಎಂದರೆ ದೊಡ್ಡಪ್ಪನ ಹೆಂಡತಿ. ಗಾಡಿ ಹಾಡು ಈಗ ಪೂರ್ತಿ ಬರುವುದು ಅವಳೊಬ್ಬಳಿಗೆ, ಅವಳಿಗೆ ಅದನ್ನು ಕಲಿಸಿದ್ದು ನನ್ನ ಸ್ವಂತ ಅಜ್ಜಿ, ಅಂದರೆ ಆ ಮೂರನೇ ಗಾಡಿಯ ತಾತನ ಹೆಂಡತಿ. ಹಾಗಾಗಿ ಕೇಳಬೇಕಾದದ್ದು ದೊಡ್ಡವ್ವನನ್ನು. ಆದರೆ ಅವಳು ತಲೆ ಎತ್ತಲಿಲ್ಲ.

ನಾನು ಸ್ಪರ್ಧೆಯಲ್ಲಿ ಕೇಳುವ ಹಾಗೆ ಕೇಳಿದೆ. ಅವರು ಬಂದದ್ದನ್ನು ನೋಡಿದವರು ಯಾರಾದರೂ ಇದ್ದಾರಾ ಅಜ್ಜಿ?

“ನೋಡಿದೋರೆಲ್ಲ ಹೋದ್ರು ಮಗ. ನಾನೂ ಹೋದ್ಮೇಲೆ ಅವ್ರು ಈ ಊರ್ಗೆ ಬಂದಿದ್ರು ಅನ್ನೋದೇ ಇರಾಕಿಲ್ಲ. ಅದ್ಕೇ ಈಗ್ಲೇ ಕೇಳಕ್ ಬಂದೆ.”

ಗಾಡಿಯಲ್ಲಿ ಬಂದರಾ ಎಂದೆ. ಇಲ್ಲ, ಕರುಗಳನ್ನು ಹೊಡೆದುಕೊಂಡು ಗಾಡಿಯ ಹಿಂದೆ ನಡೆದು ಬಂದರು, ನಾನು ಸುಳ್ಳು ಹೇಳಲು ಬಂದಿಲ್ಲ ಎಂದರು. ಚಿಕ್ಕಪ್ಪನಿಗೆ ಅಷ್ಟು ಸಾಕಾಗಿತ್ತು. ನಡೆದು ಬಂದವರನ್ನು ಗಾಡಿ ಹತ್ತಿಸುವುದು ಯಾವ ನ್ಯಾಯ ಎಂದ.

“ನಡ್ಕಂಡ್ ಬಂದೋರ್ಗೆ ಹಾಡಲ್ಲಿ ಜಾಗ ಎಲ್ಲೈತಪ್ಪ?” ಅಜ್ಜಿ ಹೇಳಿದರು. “ನಮ್ಮನೇನ ಹಿಂದೆ ಬಂದೋರ್ ಮನೆ ಅಂತೀರ. ಅನ್ಕಳಿ. ಮದ್ವೆ ಆದ್ಮೇಲೆ ನಿಮ್ ಹುಡ್ಗೀನೂ ಆ ಮನೆಯೋಳೇ.”

ಇಷ್ಟು ಹೇಳಿ ಅವರು ಮತ್ತೇನೋ ಹೇಳಲು ಬಾಯಿ ತೆರೆದರು. ದೊಡ್ಡವ್ವನ ಕಡೆ ನೋಡಿದರು. ಬಾಯಿ ಮುಚ್ಚಿಕೊಂಡರು. ನಾನು ನನ್ನ ತೀರ್ಪು ಹೇಳಿದೆ. ನಡೆದು ಬಂದವರು ಗಾಡಿಯಲ್ಲಿ ಬಂದರು ಅಂದರೆ ಅದು ಸುಳ್ಳಾಗುತ್ತದೆ, ಹಾಡಾದರೇನು ಮಾತಾದರೇನು. ತರ್ಕದಲ್ಲಿ ಅದರಲ್ಲಿ ಹುಳುಕಿರಲಿಲ್ಲ. ಅಜ್ಜಿ ಕೋಪಿಸಿಕೊಳ್ಳಲಿಲ್ಲ. ಚೆನ್ನಾಗಿ ಮಾತಾಡ್ತೀಯ ಮಗ ಎಂದು ಕೊಡೆ ತೆಗೆದುಕೊಂಡು ಎದ್ದರು. ಏರಿಯ ಮೇಲೆ ಅವರು ನಡೆದು ಹೋಗುವುದನ್ನು ನೋಡುವಾಗ ಗೆದ್ದ ಖುಷಿ ಎಳ್ಳಷ್ಟೂ ಇರಲಿಲ್ಲ.

ಅವರು ಹೋದ ಮೇಲೆ ದೊಡ್ಡವ್ವ ನೆನೆಹಾಕಿದ್ದ ಅವರೆಕಾಳನ್ನು ಹಿತುಕಲು ಕೂತಳು. ನಾನೂ ಕೂತೆ. ತೀರ್ಪು ಕೊಟ್ಟ ಮೇಲೆ ಯಾರಾದರೂ ಸರಿ ಅನ್ನಲಿ ಎಂದು ನನಗೆ ಒಳಗೇ ಆಸೆ. ಅವಳು ಅನ್ನಲಿಲ್ಲ. ನಾನೇ ಮಾತು ತೆಗೆದೆ. ರೋಮ್ ಅಂತ ಒಂದು ದೇಶ ಇತ್ತು ದೊಡ್ಡವ್ವ, ಅವರೂ ಹೀಗೇ ಮಾಡುತ್ತಿದ್ದರು. ಎಲ್ಲೋ ಸುಟ್ಟುಹೋದ ಒಂದು ಊರಿನಿಂದ ದೇವರನ್ನು ಹೊತ್ತುಕೊಂಡು ಹಡಗು ಹತ್ತಿದವರ ಮಕ್ಕಳು ನಾವು ಅಂತ ಹೇಳಿಕೊಂಡರು. ಅದು ಗ್ರೀಕರ ಹಾಡಿನಲ್ಲಿ ಸೋತವರ ಊರು. ಆಮೇಲೆ ದುಡ್ಡಿರುವ ಒಂದೊಂದು ಮನೆಯವರೂ ನಮ್ಮ ಹಿರಿಯನೂ ಆ ಹಡಗಿನಲ್ಲಿದ್ದ ಎಂದು ಶುರು ಮಾಡಿದರು. ಆ ಹಡಗಿನವರ ಕಥೆಯನ್ನು ಕಾವ್ಯ ಮಾಡಿ ಬರೆದವನು ದೋಣಿ ಪಂದ್ಯ ಅಂತ ಒಂದು ಭಾಗ ಇಟ್ಟು, ದೋಣಿ ನಡೆಸಿದವರನ್ನೇ ಆ ಮನೆಗಳ ಮೂಲಪುರುಷರು ಮಾಡಿಬಿಟ್ಟ. ಒಬ್ಬ ಸೇನಾಪತಿಯಂತೂ ದಂಡಿನ ಜೊತೆ ಕವಿಯನ್ನೇ ಕರೆದುಕೊಂಡು ಹೋಗಿದ್ದ. ಸಾವಿನ ಮನೆಯ ಭಾಷಣಗಳಲ್ಲಿ ಗೆಲ್ಲದ ಯುದ್ಧವನ್ನೂ ಗೆದ್ದೆವು ಅನ್ನುತ್ತಿದ್ದರು, ಅದರಿಂದ ನಮ್ಮ ಇತಿಹಾಸವೇ ಕೆಟ್ಟಿತು ಅಂತ ಅವರ ಪೈಕಿಯವರೇ ಬರೆದಿದ್ದಾರೆ.

ಅವಳಿಗೆ ಕಥೆ ಹಿಡಿಸಿತು. ಸಿಪ್ಪೆಯಿಂದ ಬೇಳೆ ಚಿಮ್ಮಿಸುತ್ತಾ ಕೇಳಿದಳು.

“ಅಲ್ಲಿ ಸೊಲ್ಲು ಹಿಡಿಯೋರು ಯಾರಿದ್ರು?”

ನಮ್ಮ ಹಾಡಿನ ಕ್ರಮ ಹೀಗಿದೆ. ಒಬ್ಬಳು ಒಂದು ಸೊಲ್ಲು ಎತ್ತುತ್ತಾಳೆ, ಉಳಿದ ಹೆಂಗಸರು ಅದನ್ನೇ ಹಿಡಿದು ಮತ್ತೆ ಹೇಳುತ್ತಾರೆ. ಅವರು ಹಿಡಿಯುವ ತನಕ ಎತ್ತಿದವಳು ಮುಂದಕ್ಕೆ ಹೋಗುವ ಹಾಗಿಲ್ಲ. ಇಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದನ್ನು ದೊಡ್ಡವ್ವ ಅವತ್ತು ಹೇಳಿದಳು. ಹೊಸ ಸೊಲ್ಲನ್ನು ಯಾರು ಬೇಕಾದರೂ ಎತ್ತಬಹುದು. ಹಸೆಯ ಮುಂದೆ ಹೆಂಗಸರು ಅದನ್ನು ಹಿಡಿದರೆ ಅದು ಹಾಡಿಗೆ ಸೇರಿತು, ಮುಂದಿನ ಮದುವೆಗಳಲ್ಲಿ ಬಿಡುವಂತಿಲ್ಲ. ಹಿಡಿಯದೆ ಸುಮ್ಮನಾದರೆ ಬಿದ್ದುಹೋಯಿತು. ಬಿದ್ದ ಸೊಲ್ಲನ್ನು ಮತ್ತೆ ಯಾರೂ ಯಾವತ್ತೂ ಎತ್ತಬಾರದು.

ನನಗೆ ಇದು ಮತದಾನದ ಹಾಗೆ ಕಂಡಿತು. ಆದರೆ ಒಂದೇ ಬಾರಿಯ ಮತದಾನ. ಆ ಮುದುಕಿ ಜಗಲಿಗೆ ಬಂದು ಏನನ್ನು ಪಣಕ್ಕೆ ಇಡಲು ಹೊರಟಿದ್ದರು ಎಂದು ಆಗ ಅರ್ಥವಾಯಿತು. ಎತ್ತಿಸದೇ ಇದ್ದರೆ ಗಂಡನ ಹೆಸರು ಮುಂದೆಂದೋ ಬಂದೀತು ಎಂಬ ಆಸೆಯಾದರೂ ಉಳಿಯುತ್ತದೆ. ಎತ್ತಿಸಿ ಬಿದ್ದರೆ ಅದೂ ಇಲ್ಲ. ರೋಮಿನ ಆ ಊಟದ ಹಾಡುಗಳ ಮೇಲೆ ಬೇರೆಯೇ ಒಂದು ಅನುಮಾನ ಹುಟ್ಟಿತು. ಅವು ಮರೆತುಹೋದವೋ, ಇಲ್ಲ ಯಾರೂ ಹಿಡಿಯದೆ ಬಿದ್ದವೋ? ಬರೆದಿಡಲಿಲ್ಲ ಎಂದಷ್ಟೇ ನಾವು ದೂರುತ್ತೇವೆ.

ನೀನು ಎತ್ತುತ್ತೀಯಾ ಎಂದು ದೊಡ್ಡವ್ವನನ್ನು ಕೇಳಿದೆ. ಬೇಳೆ ಸಾರಿಗೆ ಕೊಬ್ಬರಿ ಇದೆಯಾ ನೋಡು ಎಂದಳು.

ಚಪ್ಪರದ ದಿನ ಗಂಡಿನ ಕಡೆಯ ಹೆಂಗಸರು ಅರಿಶಿನ, ಎಣ್ಣೆ, ಹೂವು ಹಿಡಿದು ಪಿಕಪ್‌ನಲ್ಲಿ ಬಂದಿಳಿದರು. ಅಜ್ಜಿಯೂ ಬಂದಿದ್ದರು. ಅವರು ಹಸೆಯ ಹತ್ತಿರ ಬರದೆ, ಚಪ್ಪರದ ಕೊನೆಯ ಕಂಬಕ್ಕೆ ಒರಗಿ ಕೂತರು. ತಂಗಿಯನ್ನು ಹಸೆಗೆ ಕೂರಿಸಿದರು. ಹಸೆಯ ಮೇಲೆ ಕೂತ ಹೆಣ್ಣು ತಲೆ ಬಗ್ಗಿಸಿರಬೇಕು, ಮಾತಾಡಬಾರದು. ತನ್ನ ಹಸೆಯ ಹಾಡನ್ನು ತಾನೇ ಹಾಡುವುದಂತೂ ಕೇಳಿದ್ದೇ ಇಲ್ಲ. ಹಾಗೆ ಮಾಡಿದವಳಿಗೆ ಮದುವೆಯ ಆತುರ ಎಂದು ಜನ್ಮಪೂರ್ತಿ ಆಡಿಕೊಳ್ಳುತ್ತಾರೆ.

ದೊಡ್ಡವ್ವ ಎತ್ತಿದಳು. ಗಾಡಿಗಳು ಹೊರಟವು. ದೇವರ ಪೆಟ್ಟಿಗೆ ಹೋಯಿತು, ಹೆಂಗಸರು ಹಿಡಿದರು. ರಾಗಿ ಹೋಯಿತು, ಹಿಡಿದರು. ಬೀಸುವ ಕಲ್ಲು ಬಂತು, ತಾತನ ಹೆಸರು ಬಂತು, ನಮ್ಮ ಮನೆಯ ಹೆಂಗಸರು ಗಂಟಲು ಏರಿಸಿ ಹಿಡಿದರು. ಅಲ್ಲಿಗೆ ಗಾಡಿಗಳು ಹೊಳೆಗೆ ಇಳಿಯಬೇಕು. ಇಳಿಯಲಿಲ್ಲ. ದೊಡ್ಡವ್ವ ಕಣ್ಣು ಮುಚ್ಚಿಕೊಂಡು, ಅದೇ ರಾಗದಲ್ಲಿ, ಅದೇ ಗಾಡಿಯ ಎತ್ತಿನ ಹಗ್ಗ ಹಿಡಿದು ಕೂತವನೊಬ್ಬನನ್ನು ತಂದಳು. ಹೆಸರು ಹೇಳಿದಳು. ಕಂಬಕ್ಕೆ ಒರಗಿದ್ದ ಅಜ್ಜಿಯ ಗಂಡನ ಹೆಸರು.

ಯಾರೂ ಹಿಡಿಯಲಿಲ್ಲ.

ನನ್ನ ಅಮ್ಮ ಚಿಕ್ಕಮ್ಮನ ಮುಖ ನೋಡಿದಳು, ಚಿಕ್ಕಮ್ಮ ಚಪ್ಪರದಾಚೆ ಕುರ್ಚಿಯಲ್ಲಿ ಕೂತಿದ್ದ ಚಿಕ್ಕಪ್ಪನ ಮುಖ ನೋಡಿದಳು. ಗಂಡಿನ ಕಡೆಯವರು ಹಿಡಿಯುವ ಹಾಗಿಲ್ಲ, ಹಸೆ ಹೆಣ್ಣಿನ ಮನೆಯದ್ದು. ದೊಡ್ಡವ್ವ ಮುಂದೆ ಹೋಗದೆ ಕಾದಳು. ನಾನು ಬಾಯಿ ತೆರೆಯಬಹುದಿತ್ತು. ನನ್ನ ತಲೆಯಲ್ಲಿ ಪರ, ವಿರೋಧ ಎರಡೂ ಎದ್ದು ನಿಂತು, ಮೊದಲು ನೀನು, ಮೊದಲು ನೀನು ಎನ್ನುತ್ತಿದ್ದವು. ಅಜ್ಜಿ ನೆಲ ನೋಡುತ್ತಿದ್ದರು.

ಆಗ ಹಸೆಯ ಮೇಲಿನಿಂದ ಒಂದು ಸಣ್ಣ ದನಿ ಸೊಲ್ಲನ್ನು ಹಿಡಿಯಿತು. ತಲೆ ಬಗ್ಗಿಸಿಕೊಂಡೇ, ಕೆನ್ನೆಗೆ ಹಚ್ಚಿದ ಅರಿಶಿನದ ಸಮೇತ, ತಂಗಿ ಹಾಡುತ್ತಿದ್ದಳು. ರಾಗ ಸ್ವಲ್ಪ ತಪ್ಪಿತ್ತು. ಚಿಕ್ಕಮ್ಮ ಅಯ್ಯೋ ಎಂದವಳೇ ಮಗಳ ದನಿ ಕೇಳದಿರಲಿ ಎಂದು ಅವಳಿಗಿಂತ ಜೋರಾಗಿ ಅದೇ ಸೊಲ್ಲನ್ನು ಹೇಳಿದಳು. ಅಮ್ಮ ಸೇರಿದಳು. ಇಡೀ ಚಪ್ಪರ ಸೇರಿತು. ಹೆಣ್ಣಿನ ಮಾನ ಮುಚ್ಚಲು ಅಷ್ಟೂ ಹೆಂಗಸರು ಒಬ್ಬ ಸತ್ತ ಮನುಷ್ಯನ ಹೆಸರನ್ನು ಕೂಗಿ ಕೂಗಿ ಹೇಳಿದರು. ನಾನೂ ಹೇಳಿದೆ. ಆಮೇಲೆ ಗಾಡಿಗಳು ಹೊಳೆಗೆ ಇಳಿದವು.

“ಹಾಡ್ದೋಳು ಹೆಣ್ಣೇ ಆದ್ಮೇಲೆ ಅಪ್ಪಂದೇನ್ ನಡೀತದೆ,” ಎಂದು ಚಿಕ್ಕಪ್ಪ ಪಕ್ಕದವನಿಗೆ ಹೇಳಿ ಎಲೆಯಡಿಕೆ ಹಾಕಿಕೊಂಡ. ತಂಗಿಗೆ ಅವತ್ತೇ ‘ಸೊಲ್ಲು ಮದುವಣಗಿತ್ತಿ’ ಎಂದು ಹೆಸರಿಟ್ಟರು. ಅವಳು ನಗುತ್ತಲೇ ಇದ್ದಳು.

ಊಟಕ್ಕೆ ಎಲೆ ಹಾಕುವ ಗಡಿಬಿಡಿಯಲ್ಲಿ ದೊಡ್ಡವ್ವನನ್ನು ಅಡಿಗೆ ಒಲೆಯ ಹತ್ತಿರ ಹಿಡಿದೆ. ನನಗಿನ್ನೂ ಒಳಗೆ ಕುದಿಯುತ್ತಿತ್ತು. ಹಾಡಿದ್ದು ಒಳ್ಳೆಯದೇ ಆಯಿತು, ನನಗೂ ಕಣ್ಣು ತುಂಬಿತು, ಎಲ್ಲಾ ಸರಿ. ಆದರೆ ನಿಜವಾಗಿ ಗಾಡಿಯಲ್ಲಿ ಬಂದ ತಾತನೂ ನಡೆದು ಬಂದವರೂ ಒಂದೇ ಆದರೆ ಆ ಹಾಡಿಗೆ ಬೆಲೆ ಏನು ಉಳಿಯಿತು ಎಂದೆ.

ದೊಡ್ಡವ್ವ ಸಾರಿನ ಸೌಟು ನೆಕ್ಕಿ ಉಪ್ಪು ನೋಡಿದಳು.

“ನಿಮ್ ತಾತ ಗಾಡಿ ಹತ್ತಿದ್ದು ಹಾಡ್ನಲ್ಲೇ ಕಣ್ ಮಗ,” ಎಂದಳು. “ಅವ್ರೂ, ಈ ಅಜ್ಜಿ ಯಜಮಾನ್ರೂ, ಇಬ್ರೂ ಕರ ಹೊಡ್ಕಂಡು ಒಟ್ಗೇ ನಡ್ಕಂಡ್ ಬಂದೋರು. ನಿಮ್ಮಜ್ಜಿಗೆ ಗಂಟ್ಲಿತ್ತು, ಹತ್ಸುದ್ರು. ನಿಮ್ ಚಿಕ್ಕಪ್ಪನ ಹತ್ರ ಅನ್ಬೇಡ.”

ಇಷ್ಟನ್ನು ಉಪ್ಪು ಸಾಲದು ಎನ್ನುವಷ್ಟೇ ಸಲೀಸಾಗಿ ಹೇಳಿ, ಪಾತ್ರೆ ಎತ್ತಿಕೊಂಡು ಪಂಕ್ತಿಯ ಕಡೆ ಹೋದಳು.

ನಾನು ಒಲೆಯ ಮುಂದೆ ನಿಂತೇ ಇದ್ದೆ. ಮೊದಲ ತಾಂಬೂಲ, ಮೊದಲ ಮಾತು, ಆ ಓರೆ ತುಟಿ, ಜಗಲಿಯ ಮೇಲೆ ನಾನು ಕೊಟ್ಟ ತೀರ್ಪು, ಎಲ್ಲಕ್ಕೂ ಇದ್ದ ಆಧಾರ ಅಜ್ಜಿಯ ಗಂಟಲು. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಅದಲ್ಲ. ಎದುರಾಳಿಯ ಕೈಯಲ್ಲಿ ಗೆಲ್ಲುವ ಮಾತು ಇದ್ದೂ ಆಡದೆ ಬಿಟ್ಟರೆ, ವಾದ ಮಾಡುವವರಿಗೆ ನಿದ್ದೆ ಬರುವುದಿಲ್ಲ. ಆ ಮುದುಕಿಗೆ ಇದು ಗೊತ್ತಿಲ್ಲದಿರಲು ಸಾಧ್ಯವೇ ಇರಲಿಲ್ಲ. ಗಂಡನ ಜೊತೆ ನಡೆದು ಬಂದವನ ಹೆಸರು ಪ್ರತಿ ಮದುವೆಯಲ್ಲೂ ಗಾಡಿ ಹತ್ತುವುದನ್ನು ಅವರು ಇಷ್ಟು ಕಾಲ ಕೇಳಿದ್ದರು.

ಮೊದಲ ಪಂಕ್ತಿ ಎದ್ದ ಮೇಲೆ ಹೊರಗೆ ಓಡಿದೆ. ಗಂಡಿನ ಕಡೆಯವರು ಹೊರಟು ನಿಂತಿದ್ದರು. ಅಜ್ಜಿಯನ್ನು ಪಿಕಪ್‌ನ ಮುಂದಿನ ಸೀಟಿಗೆ ಹತ್ತಿಸಿದ್ದರು. ಮಡಿಲಲ್ಲಿ ಕೊಡೆ, ತಾಂಬೂಲದ ಕವರು. ನಾನು ಕಿಟಕಿಯ ಅಂಚು ಹಿಡಿದುಕೊಂಡೆ. ಅವರು ಮುಖ ತಿರುಗಿಸಿ, ಉಂಡ್ಯಾ ಮಗ ಎಂದು ಕೇಳಿದರು. ಚಾಲಕನ ಸೀಟಿನಲ್ಲಿದ್ದ ಅವರ ತಮ್ಮನ ಮಗ ಇಂಜಿನ್ ಶುರು ಮಾಡಿದ. ನಾನು ದನಿ ತಗ್ಗಿಸಿ ಕೇಳಿದೆ.

“ಅಜ್ಜಿ, ನಮ್ ತಾತನೂ ನಡ್ಕೊಂಡೇ ಬಂದಿದ್ರು ಅಂತ ನಿಮ್ಗೆ ಗೊತ್ತಿತ್ತು. ಅದೊಂದ್ ಮಾತು ಅಂದಿದ್ರೆ ಅವತ್ತು ಜಗಲಿ ಮೇಲೆ ನಮ್ ಬಾಯೆಲ್ಲ ಮುಚ್ಚೋಗ್ತಿತ್ತು. ಯಾಕೆ ಅನ್ಲಿಲ್ಲ ನೀವು?”

“ಅಂದಿದ್ರೆ ನಿಮ್ ತಾತನೂ ಗಾಡಿ ಇಳೀಬೇಕಾಗ್ತಿತ್ತು ಮಗ,” ಎಂದರು ಅಜ್ಜಿ, “ಆಮೇಲೆ ನಮ್ಮೆಜಮಾನ್ರು ಹತ್ತಕ್ಕೆ ಯಾವ್ ಗಾಡಿ ಇರ್ತಿತ್ತು?”